ಮಗಳ ಮಾತಿಗೆ ಹಲಗೆ ಕಟ್ಟಿಕೊಂಡ ಬಗೆ

ನನ್ನ ಮಗಳಿಗೆ ಹುಟ್ಟಿದ ಮೊದಲ ವಾರದಲ್ಲಿ ಏರಿದ ಕಾಮಾಲೆ ಸಕಾಲಕ್ಕೆ ಇಳಿಯಲಿಲ್ಲ. ರಕ್ತದಲ್ಲಿ ಮಿತಿಮೀರಿದ ಬಿಲಿರುಬಿನ್ ಎಂಬ ಹಳದಿ ವಸ್ತು ಮಿದುಳಿನ ಆಳದಲ್ಲಿರುವ, ಚಲನೆಯನ್ನು ಹದದಲ್ಲಿಡುವ ನರಕೇಂದ್ರಗಳಿಗೆ ಹಾನಿ ಮಾಡಿತು. ವೈದ್ಯರು ಇದನ್ನು ಅಥೆಟಾಯ್ಡ್ ಬಗೆಯ ಸೆರೆಬ್ರಲ್ ಪಾಲ್ಸಿ ಎಂದು ಗುರುತಿಸಿದರು. ಅವಳ ಕೈಕಾಲು, ಕತ್ತು, ತುಟಿ, ನಾಲಿಗೆ ತಮ್ಮಷ್ಟಕ್ಕೆ ತಾವೇ ಹೊರಳುತ್ತಿರುತ್ತವೆ. ಏನನ್ನಾದರೂ ಮಾಡಬೇಕೆಂದು ಅವಳು ಹೆಚ್ಚು ಪ್ರಯತ್ನಿಸಿದಷ್ಟೂ ಆ ಹೊರಳಾಟ ಹೆಚ್ಚುತ್ತದೆ. ಉಸಿರು, ಗಂಟಲು, ನಾಲಿಗೆ ಮೂರೂ ಒಂದೇ ಹೊತ್ತಿಗೆ ಹೊಂದಿಕೊಂಡು ನಡೆಯಬೇಕಾದ ಮಾತು ಅವಳಿಗೆ ದಕ್ಕಲಿಲ್ಲ. ಆದರೆ ನಾವು ಆಡಿದ್ದೆಲ್ಲ ಅವಳಿಗೆ ಅರ್ಥವಾಗುತ್ತಿತ್ತು. ಮುಂದಿನ ಕೋಣೆಯಲ್ಲಿ ಅವರಪ್ಪ ಫೋನಿನಲ್ಲಿ ಊರಿಗೆ ಹೋಗುವ ಮಾತೆತ್ತಿದರೆ ಇವಳು ಇಲ್ಲಿ ನಗುತ್ತಿದ್ದಳು. ಆರು ವರ್ಷ ತುಂಬುವವರೆಗೂ ಅವಳ ಮನಸ್ಸಿನಲ್ಲಿ ಏನಿದೆ ಎಂಬುದನ್ನು ಊಹಿಸುವುದೇ ನಮ್ಮ ಕೆಲಸವಾಗಿತ್ತು, ಆ ಊಹೆಯನ್ನು ತಿದ್ದುವ ದಾರಿ ಅವಳಿಗಿರಲಿಲ್ಲ. ಆ ದಾರಿಯನ್ನು ನಾವು ಹೇಗೆ ಕಟ್ಟಿಕೊಂಡೆವು ಎಂಬುದನ್ನು ಇಂಥದೇ ಮಗುವಿರುವ ಮನೆಗಳಿಗೆ ಉಪಯೋಗವಾದೀತೆಂಬ ಆಸೆಯಿಂದ ಇಲ್ಲಿ ಬರೆಯುತ್ತಿದ್ದೇನೆ.

ನಾವು ಹಾಸನದವರು. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ನಡೆಯುತ್ತಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಿ ಬನ್ನಿ ಎಂದು ಫಿಸಿಯೋಥೆರಪಿ ಮಾಡುತ್ತಿದ್ದವರು ಹೇಳಿದಾಗ, ಅಲ್ಲಿ ಬಾಯಿಂದ ಮಾತು ಹೊರಡಿಸುವ ಅಭ್ಯಾಸ ಮಾಡಿಸುತ್ತಾರೆ ಎಂದೇ ತಿಳಿದು ಹೊರಟೆವು. ಮೊದಲು ಕಿವಿಯ ಪರೀಕ್ಷೆಯಾಯಿತು, ಏಕೆಂದರೆ ಈ ಬಗೆಯ ಕಾಮಾಲೆ ಶ್ರವಣ ನರವನ್ನೂ ಕೆಡಿಸಬಲ್ಲದು. ಅವಳ ಕಿವಿ ಚೆನ್ನಾಗಿದೆ ಎಂದು ತಿಳಿದ ಮೇಲೆ ಸ್ಪೀಚ್ ಥೆರಪಿಸ್ಟ್ ಒಬ್ಬರು ಅವಳ ಮುಂದೆ ಕುಳಿತು, ನಮ್ಮನ್ನು ಕೇಳುವ ಮೊದಲು ಅವಳನ್ನೇ ಮಾತಾಡಿಸಿದರು. ಆಮೇಲೆ ನಮ್ಮತ್ತ ತಿರುಗಿ, "ಇವಳು ಹೌದು ಅನ್ನೋದು ಹೇಗೆ, ಬೇಡ ಅನ್ನೋದು ಹೇಗೆ?" ಎಂದರು. ನಾನು ಒಂದು ಉತ್ತರ ಕೊಟ್ಟೆ, ನನ್ನ ಯಜಮಾನರು ಇನ್ನೊಂದು ಕೊಟ್ಟರು. ಅಲ್ಲಿಂದಲೇ ಕೆಲಸ ಶುರುವಾಯಿತು. ಬಾಯಿಯ ಮಾತಿಗೆ ನೆರವಾಗುವ ಅಥವಾ ಅದರ ಬದಲಿಗೆ ನಿಲ್ಲುವ ಎಲ್ಲ ವಿಧಾನಗಳನ್ನು, ಸನ್ನೆಯಿಂದ ಚಿತ್ರದ ಹಲಗೆಯವರೆಗೆ, ಅಕ್ಷರಪಟದಿಂದ ದನಿ ಹೊರಡಿಸುವ ಯಂತ್ರದವರೆಗೆ, ಒಟ್ಟಾಗಿ ಪೂರಕ ಮತ್ತು ಪರ್ಯಾಯ ಸಂವಹನ ಎನ್ನುತ್ತಾರೆ, ಚಿಕ್ಕದಾಗಿ ಎಎಸಿ ಎನ್ನುತ್ತಾರೆ ಎಂಬುದು ಅಂದೇ ನಮಗೆ ತಿಳಿದದ್ದು.

ಹೌದು ಮತ್ತು ಇಲ್ಲ ಎಂಬ ಎರಡು ಗುರುತುಗಳನ್ನು ನಿಲ್ಲಿಸಿಕೊಳ್ಳುವುದಕ್ಕೇ ಕೆಲವು ವಾರಗಳು ಹಿಡಿದವು. ತಲೆಯಾಡಿಸುವುದು ಅವಳಿಗೆ ಆಗದು, ಏಕೆಂದರೆ ಕತ್ತು ಒಂದು ಕಡೆ ತಿರುಗಿದರೆ ಅದರ ಹಿಂದೆಯೇ ತೋಳು, ಬೆನ್ನು ಎಲ್ಲವೂ ಎಳೆದುಕೊಂಡು ಹೋಗುತ್ತವೆ. ಹೌದು ಎನ್ನಲು ಕಣ್ಣನ್ನು ಮೇಲಕ್ಕೆತ್ತುವ ಪದ್ಧತಿ ಹಲವು ಕಡೆ ಇದೆಯಂತೆ. ಆದರೆ ಕಾಮಾಲೆಯಿಂದ ಹಾನಿಗೊಂಡ ಮಕ್ಕಳಲ್ಲಿ ಮೇಲಕ್ಕೆ ನೋಡುವ ಶಕ್ತಿ ಕುಂದಿರುವುದು ಸಾಮಾನ್ಯ, ಇವಳಲ್ಲಿಯೂ ಹಾಗೆಯೇ ಇತ್ತು. ಕೊನೆಗೆ ಕಣ್ಣನ್ನು ತುಸು ಹೊತ್ತು ಮುಚ್ಚಿದರೆ ಹೌದು, ನೋಟವನ್ನು ಎಡಕ್ಕೆ ಸರಿಸಿದರೆ ಇಲ್ಲ ಎಂದು ಗೊತ್ತುಮಾಡಿಕೊಂಡೆವು. ಮನೆಗೆ ಬರುವ ಪ್ರತಿಯೊಬ್ಬರಿಗೂ ಇದನ್ನು ತಿಳಿಸಲು ಅವಳ ಕುರ್ಚಿಯ ಬೆನ್ನಿಗೆ ಒಂದು ಚೀಟಿ ಅಂಟಿಸಿದೆವು. ಪ್ರಶ್ನೆ ಕೇಳುವವರು ಒಮ್ಮೆಗೆ ಒಂದನ್ನೇ ಕೇಳಬೇಕು, ಕೇಳಿದ ಮೇಲೆ ಸುಮ್ಮನೆ ಕಾಯಬೇಕು ಎಂಬುದನ್ನೂ ಅದರಲ್ಲಿ ಬರೆದೆವು. ಕಾಯುವುದು ನೆಂಟರಿಗೆ ಬಹಳ ಕಷ್ಟವಾಗುತ್ತಿತ್ತು. ಎರಡನೆಯ ಪ್ರಶ್ನೆ ಬಿದ್ದ ಕೂಡಲೇ ಮೊದಲನೆಯದಕ್ಕೆ ಅವಳು ಕೂಡಿಸಿಕೊಂಡಿದ್ದ ಪ್ರಯತ್ನವೆಲ್ಲ ವ್ಯರ್ಥವಾಗುತ್ತಿತ್ತು.

ಇನ್ನೊಂದು ಕೆಲಸ ಕುರ್ಚಿಯದು. ಸಂವಹನಕ್ಕೂ ಕುರ್ಚಿಗೂ ಏನು ಸಂಬಂಧವೆಂದು ನಮಗೆ ಮೊದಲು ಹೊಳೆದಿರಲಿಲ್ಲ. ಪಾದಗಳು ಗಟ್ಟಿಯಾದ ಮಣೆಯ ಮೇಲೆ ಊರಿಕೊಂಡು, ಸೊಂಟಕ್ಕೆ ಪಟ್ಟಿ ಬಿಗಿದು, ಮೊಣಕೈಗಳು ಮುಂದಿನ ಹಲಗೆಯ ಮೇಲೆ ಕೂತಾಗ ಅವಳ ಮೈಯ ಹೊರಳಾಟ ಕಣ್ಣಿಗೆ ಕಾಣುವಷ್ಟು ತಗ್ಗಿತು, ನೋಟ ಒಂದು ಕಡೆ ನಿಲ್ಲತೊಡಗಿತು. ಫಿಸಿಯೋಥೆರಪಿಸ್ಟ್ ಕೊಟ್ಟ ಅಳತೆಯಂತೆ ನಮ್ಮ ಬೀದಿಯ ಬಡಗಿಯೇ ಅದನ್ನು ಮಾಡಿಕೊಟ್ಟರು, ಅವಳು ಬೆಳೆದಂತೆ ಎರಡು ಬಾರಿ ತಿದ್ದಿಕೊಟ್ಟರು.

ಕೈಯಿಂದ ತೋರಿಸುವುದು ಆಗದೆಂದು ಸ್ಪಷ್ಟವಾದ ಮೇಲೆ ಕಣ್ಣಿನಿಂದ ತೋರಿಸುವ ಹಲಗೆಯನ್ನು ಆರಿಸಿದೆವು. ಇದು ಪಾರದರ್ಶಕವಾದ ಅಕ್ರಿಲಿಕ್ ಹಾಳೆ. ನಡುವೆ ಒಂದು ಚೌಕವನ್ನು ಕತ್ತರಿಸಿ ತೆಗೆದಿರುತ್ತಾರೆ. ಮಗುವಿನ ಎದುರು ಕುಳಿತವರು ಹಾಳೆಯನ್ನು ಎತ್ತಿ ಹಿಡಿದು, ಆ ಕಿಂಡಿಯಿಂದ ಮಗುವಿನ ಕಣ್ಣನ್ನೇ ನೋಡುತ್ತಾ, ನೋಟ ಯಾವ ಮೂಲೆಗೆ ಹೋಯಿತು ಎಂಬುದನ್ನು ಓದಿಕೊಳ್ಳುತ್ತಾರೆ. ಮೇಲೆ ನೋಡಲು ಅವಳಿಗೆ ಕಷ್ಟವಿದ್ದುದರಿಂದ ನಮ್ಮ ಹಾಳೆಯ ಮೇಲ್ಭಾಗವನ್ನು ಖಾಲಿ ಬಿಟ್ಟು, ಎಡದಲ್ಲಿ ಎರಡು, ಬಲದಲ್ಲಿ ಎರಡು, ಕೆಳಗೆ ನಡುವೆ ಒಂದು ಎಂದು ಐದು ಸ್ಥಾನಗಳನ್ನು ಮಾಡಿದೆವು. ಪ್ರತಿ ಸ್ಥಾನದಲ್ಲಿಯೂ ಐದೈದು ಪದಗಳ ಒಂದು ಗುಂಪನ್ನು, ಅದೇ ಐದು ಸ್ಥಾನಗಳ ಆಕಾರದಲ್ಲಿ ಜೋಡಿಸಿದೆವು. ಮೊದಲ ನೋಟ ಗುಂಪನ್ನು ಆರಿಸುತ್ತದೆ, ಎರಡನೆಯ ನೋಟ ಆ ಗುಂಪಿನೊಳಗಿನ ಪದವನ್ನು ಆರಿಸುತ್ತದೆ. ಹೀಗೆ ಎರಡು ನೋಟಗಳಲ್ಲಿ ಒಂದು ಹಾಳೆಯ 25 ಪದಗಳೂ ಅವಳಿಗೆ ಎಟುಕಿದವು. ಎದುರಿಗೆ ಕುಳಿತವರಿಗೆ ಎಡಬಲ ಅದಲುಬದಲಾಗುವುದರಿಂದ ಪ್ರತಿ ಚಿತ್ರದ ಹಿಂಬದಿಯಲ್ಲಿಯೂ ಪದವನ್ನು ಬರೆದಿಟ್ಟೆವು.

ಯಾವ ಪದಗಳನ್ನು ಇಡಬೇಕು ಎಂಬಲ್ಲಿ ನಾನು ಬಹಳ ಹೊತ್ತು ನಿಲ್ಲಬೇಕಾಗುತ್ತದೆ, ಏಕೆಂದರೆ ಇಡೀ ಪ್ರಕ್ರಿಯೆಯ ಜೀವ ಅಲ್ಲಿದೆ. ಮಾತು ಬಾರದ ಮಗುವಿಗೆ ಹಲಗೆ ಎಂದ ಕೂಡಲೇ ನೀರು, ಊಟ, ಶೌಚ, ನಿದ್ದೆ, ಔಷಧಿ ಎಂದು ಬರೆದುಬಿಡುವುದು ರೂಢಿ. ಇವು ನೋಡಿಕೊಳ್ಳುವವರಿಗೆ ಬೇಕಾದ ಪದಗಳು. ಈ ಪದಗಳಷ್ಟೇ ಇರುವ ಹಲಗೆಯಿಂದ ಮಗು ಕೇಳಬಹುದೇ ಹೊರತು ಒಲ್ಲೆ ಎನ್ನಲಾರದು, ದೂರು ಹೇಳಲಾರದು, ಯಾರೆಂದು ವಿಚಾರಿಸಲಾರದು, ನಡೆದದ್ದನ್ನು ಇನ್ನೊಬ್ಬರಿಗೆ ಹೇಳಲಾರದು. ನಮ್ಮ ಥೆರಪಿಸ್ಟ್ ಮೊದಲ ಹಾಳೆಗೆ ಬೇಡ, ಸಾಕು, ಇನ್ನೂ, ನಿಲ್ಲಿಸು, ಯಾರು, ಎಲ್ಲಿ, ಯಾಕೆ, ಬೇರೆ, ನೋಡು ಮುಂತಾದವನ್ನು ಸೂಚಿಸಿದರು. ದಿನವಿಡೀ ಎಲ್ಲ ಸಂದರ್ಭಗಳಲ್ಲಿಯೂ ಬಳಕೆಯಾಗುವ ಇಂಥ ಪದಗಳನ್ನು ತಿರುಳು ಪದಗಳೆನ್ನುತ್ತಾರೆ. ಅವರು ಸೇರಿಸಿದ ಇನ್ನೊಂದು ಚೌಕದಲ್ಲಿ "ನಾನು ಹೇಳಬೇಕಾದದ್ದು ಇಲ್ಲಿ ಇಲ್ಲ" ಎಂದಿತ್ತು. ಆ ಚೌಕ ಇರದ ಹಲಗೆಯನ್ನು ನಾನು ಇಂದು ಯಾರಿಗೂ ಶಿಫಾರಸು ಮಾಡುವುದಿಲ್ಲ. ಅದಿಲ್ಲದಿದ್ದರೆ ಹಲಗೆಯಲ್ಲಿ ಇರುವುದರಲ್ಲಿಯೇ ಏನನ್ನೋ ಆರಿಸಿ ಮಗು ಸುಮ್ಮನಾಗಿಬಿಡುತ್ತದೆ.

ಚಿತ್ರಗಳಿಗೆ ಸ್ಪೇನ್ ದೇಶದ ಅರಗಾನ್ ಪ್ರಾಂತ್ಯದ ಸರ್ಕಾರ ಉಚಿತವಾಗಿ ಕೊಡುವ ಅರಸಾಕ್ ಚಿತ್ರಸಂಗ್ರಹವನ್ನು ಬಳಸಿದೆವು. ಓಡು, ಮಲಗು, ಬಿಸಿ, ದೊಡ್ಡದು ಎಂಬಂಥವು ಅದರಲ್ಲಿ ಚೆನ್ನಾಗಿಯೇ ಸಿಕ್ಕವು. ಮುದ್ದೆ, ಉಪ್ಪಿಟ್ಟು, ನಮ್ಮ ಹಜಾರ, ಅಜ್ಜಿ, ಹಾಸನಾಂಬೆಯ ಜಾತ್ರೆ ಇವಕ್ಕೆ ಫೋಟೊ ತೆಗೆದೆವು. ಬೇಡ, ಯಾಕೆ ಎಂಬ ಪದಗಳಿಗೆ ಯಾವ ಚಿತ್ರ ಬರೆದರೂ ಅದು ಪದದಂತೆ ಕಾಣಲು ಸಾಧ್ಯವಿಲ್ಲ, ಬಳಸುತ್ತಾ ಬಳಸುತ್ತಾ ಕಲಿಯಬೇಕಾದ ಗುರುತುಗಳವು. ಮಕ್ಕಳು ಅದನ್ನು ಮಾಡಬಲ್ಲರು ಎಂಬುದಕ್ಕೆ ಥೆರಪಿಸ್ಟ್ ಟೊರಾಂಟೊದ ಉದಾಹರಣೆ ಕೊಟ್ಟರು: ಚಾರ್ಲ್ಸ್ ಬ್ಲಿಸ್ ಎಂಬವರು ದೇಶದೇಶಗಳ ನಡುವಿನ ಸಂಪರ್ಕಕ್ಕೆಂದು ರೂಪಿಸಿದ್ದ ರೇಖಾಸಂಕೇತಗಳನ್ನು 1971ರಲ್ಲಿ ಅಲ್ಲಿನ ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಿಗೆ ಕಲಿಸಿದಾಗ, ಮಾತಿಲ್ಲದ ಮಕ್ಕಳು ಅವುಗಳಿಂದ ವಾಕ್ಯಗಳನ್ನೇ ಕಟ್ಟಿದರಂತೆ.

ಸಿದ್ಧವಾಗಿ ಸಿಗುವ ಹಲಗೆಗಳು ಇಂಗ್ಲಿಷಿಗಾಗಿ ಆದವು. ಅವುಗಳಲ್ಲಿ ಎಡದಲ್ಲಿ ವ್ಯಕ್ತಿ, ಅದರ ಪಕ್ಕದಲ್ಲಿ ಕ್ರಿಯೆ, ಬಲತುದಿಯಲ್ಲಿ ವಸ್ತು ಇರುತ್ತವೆ. ನಮ್ಮ ವಾಕ್ಯದ ಕ್ರಿಯಾಪದ ಕೊನೆಗೆ ಬರುವುದರಿಂದ ವ್ಯಕ್ತಿ ಮತ್ತು ವಸ್ತುಗಳ ಗುಂಪುಗಳನ್ನು ಅವಳ ಎಡಕ್ಕೂ ಕ್ರಿಯೆಗಳನ್ನು ಬಲಕ್ಕೂ ತಂದೆವು. ವ್ಯಕ್ತಿಗೆ ಹಳದಿ, ಕ್ರಿಯೆಗೆ ಹಸಿರು, ವಸ್ತುವಿಗೆ ಕಿತ್ತಳೆ, ಗುಣಕ್ಕೆ ನೀಲಿ ಎಂಬ ಬಣ್ಣಗಳ ರೂಢಿಯನ್ನು ಮಾತ್ರ ಹಾಗೆಯೇ ಉಳಿಸಿಕೊಂಡೆವು. ಕ್ರಿಯಾಪದದ ರೂಪಗಳದ್ದು ದೊಡ್ಡ ತೊಡಕಾಗಿ ಕಂಡಿತು, ಏಕೆಂದರೆ ಹೋದೆ, ಹೋದಳು, ಹೋಗುತ್ತೇನೆ, ಹೋಗಲ್ಲ ಎಂದು ಒಂದೊಂದಕ್ಕೂ ಚೌಕ ಕೊಟ್ಟರೆ ಹಾಳೆ ಮುಗಿದೇ ಹೋಗುತ್ತದೆ. ಆದರೆ ಬೇಕು, ಬೇಡ, ಸಾಕು, ಇದೆ, ಇಲ್ಲ, ಗೊತ್ತು ಎಂಬ ಪದಗಳನ್ನು ಯಾರಿಗಾದರೂ ಹೆಚ್ಚೂ ಕಡಿಮೆ ಒಂದೇ ರೂಪದಲ್ಲಿ ಬಳಸಬಹುದು, ಮಗುವಿನ ದಿನದ ಮಾತಿನಲ್ಲಿ ದೊಡ್ಡ ಪಾಲು ಇವುಗಳಿಂದಲೇ ನಡೆಯುತ್ತದೆ. ಉಳಿದ ಕ್ರಿಯೆಗಳಿಗೆ ಹೋಗು, ಬಾ, ಕೊಡು ಎಂಬ ಮೂಲರೂಪವನ್ನಷ್ಟೇ ಇಟ್ಟು, ಜೊತೆಗೆ "ಆಯ್ತು" ಮತ್ತು "ಆಮೇಲೆ" ಎಂಬ ಎರಡು ಚೌಕಗಳನ್ನು ಕೊಟ್ಟೆವು. "ಅಪ್ಪ, ಹೋಗು, ಆಯ್ತು" ಎಂದು ಅವಳು ನೋಡಿದರೆ, "ಅಪ್ಪ ಹೋದರು" ಎಂದು ನಾವು ದನಿಗೂಡಿಸಿ ಹೇಳಿ, ಸರಿಯೇ ಎಂದು ಕೇಳಿ ಖಚಿತಪಡಿಸಿಕೊಳ್ಳುತ್ತೇವೆ. ನಾನು, ನನಗೆ, ನನ್ನ ಎಂಬ ಮೂರಕ್ಕೂ ಒಂದೇ ಚೌಕವಿದೆ.

ಹಲಗೆ ಸಿದ್ಧವಾದ ಮೇಲೆ ಅದರ ಮೇಲೆ ಅವಳನ್ನು ಪರೀಕ್ಷಿಸಬೇಡಿ ಎಂದು ನಮಗೆ ಕಟ್ಟುನಿಟ್ಟಾಗಿ ಹೇಳಿದ್ದರು. "ಹಾಲು ಎಲ್ಲಿದೆ ತೋರಿಸು" ಎನ್ನುವಂತಿಲ್ಲ. ನಾವು ಬಾಯಲ್ಲಿ ಆಡುವ ಮಾತಿನ ಒಂದೆರಡು ಮುಖ್ಯ ಪದಗಳನ್ನು ಆಡುತ್ತಲೇ ಹಲಗೆಯ ಮೇಲೆ ಬೆರಳಿಟ್ಟು ತೋರಿಸಬೇಕು, ಅವಳಿಂದ ಏನನ್ನೂ ನಿರೀಕ್ಷಿಸದೆ, ಎಷ್ಟು ತಿಂಗಳಾದರೂ ಸರಿ. ಮಾತಾಡುವ ಮಗು ತನ್ನ ಮೊದಲ ಪದಕ್ಕೆ ಮುಂಚೆ ಸುಮಾರು ಒಂದು ವರ್ಷ ಸುತ್ತಲಿನ ಮಾತನ್ನು ಕೇಳಿಸಿಕೊಂಡಿರುತ್ತದೆ; ಹಲಗೆಯ ಭಾಷೆಯನ್ನು ಯಾರೂ ಆಡುವುದನ್ನೇ ನೋಡದ ಮಗು ಅದನ್ನು ಕಲಿಯಲಿ ಎನ್ನುವುದು ನ್ಯಾಯವಲ್ಲ ಎಂಬ ಅವರ ವಿವರಣೆ ನನಗೆ ಪೂರ್ತಿ ಒಪ್ಪಿಗೆಯಾಯಿತು. ಅಡುಗೆಮನೆಗೆ ಒಂದು, ಹಜಾರಕ್ಕೆ ಒಂದು, ಹೊರಗೆ ಹೋಗುವಾಗ ಚೀಲದಲ್ಲಿ ಒಂದು ಎಂದು ಅದೇ ಜೋಡಣೆಯ ಹಾಳೆಗಳನ್ನು ಮಾಡಿಸಿಟ್ಟೆವು. ನೋಟಕ್ಕೆ ಅಭ್ಯಾಸವಾದ ಸ್ಥಾನ ತಪ್ಪಬಾರದೆಂದು, ಹೊಸ ಪದ ಬಂದರೂ ಹಳೆಯ ಪದಗಳ ಜಾಗವನ್ನು ಇಂದಿಗೂ ಕದಲಿಸುವುದಿಲ್ಲ.

ಅತ್ತೆಯವರಿಗೆ ಇದು ಹಿಡಿಸಲಿಲ್ಲ. "ಪಟ ನೋಡ್ಕೊಂಡೇ ಕೆಲಸ ಆಗೋಯ್ತು ಅಂದ್ರೆ ಇನ್ ಬಾಯ್ ತೆಗೀತಾಳೇನೇ ಮಗು? ನಾಳೆ ಬರೋ ಮಾತೂ ನಿಂತೋಯ್ತದೆ" ಎಂದು ಅವರು ನಿಜವಾದ ಸಂಕಟದಿಂದಲೇ ಹೇಳಿದರು. ಈ ಭಯ ನಮ್ಮ ಮನೆಯದಷ್ಟೇ ಅಲ್ಲ, ಎಲ್ಲೆಡೆಯೂ ಇದೆ. ಮುಂದಿನ ಭೇಟಿಗೆ ಅವರನ್ನೂ ಕರೆದುಕೊಂಡು ಹೋದೆ. ಇಂಥ ವಿಧಾನಗಳನ್ನು ಬಳಸಿದವರ ಮಾತು ಏನಾಯಿತು ಎಂದು ಹಳೆಯ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2006ರ ಒಂದು ಪರಾಮರ್ಶೆಯ ವಿಷಯವನ್ನು ಥೆರಪಿಸ್ಟ್ ಅವರಿಗೆ ಹೇಳಿದರು: ಗಟ್ಟಿಯಾದ ಪುರಾವೆಯಿದ್ದ 27 ಮಂದಿಯಲ್ಲಿ ಒಬ್ಬರ ಮಾತೂ ಕುಗ್ಗಿರಲಿಲ್ಲ, ಶೇಕಡ 89ರಷ್ಟು ಮಂದಿಯಲ್ಲಿ ಕೊಂಚವಾದರೂ ಹೆಚ್ಚಿತ್ತು. ಅತ್ತೆ ಅಂಕಿಗೆ ಏನೂ ಹೇಳಲಿಲ್ಲ. ಆದರೆ ಊರಿಗೆ ಬಂದ ಮೇಲೆ, ಹೂ ಕಟ್ಟುತ್ತಾ ಕುಳಿತಾಗ ಹಲಗೆಯನ್ನು ಪಕ್ಕಕ್ಕೆ ಎಳೆದುಕೊಂಡು "ನೋಡು", "ಕೊಡು", "ಇನ್ನೂ" ಎಂದು ಬೆರಳಿಡತೊಡಗಿದರು. ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಹೊತ್ತು ಅವಳ ಜೊತೆ ಇರುವವರು ಅವರೇ ಆದ್ದರಿಂದ ಹಲಗೆಯ ಭಾಷೆಯನ್ನು ಅವಳು ಬಹುಪಾಲು ಅಜ್ಜಿಯಿಂದಲೇ ಕಲಿತಳು ಎನ್ನಬೇಕು.

ಅವಳು ತಾನಾಗಿ ಹೇಳಿದ ಮೊದಲ ಮಾತುಗಳಲ್ಲಿ ಒಂದು ಅಣ್ಣನ ಮೇಲಿನ ದೂರು. "ಅಣ್ಣ, ಹೊಡಿ, ಆಯ್ತು." ಹೊಡೆದದ್ದು ನಿಜವೆಂದು ಅಣ್ಣನೂ ಒಪ್ಪಿಕೊಂಡ. ಎಲ್ಲ ಮನೆಯ ಮಕ್ಕಳೂ ದಿನಕ್ಕೆ ಹತ್ತು ಸಲ ಮಾಡುವ ಆ ಕೆಲಸವನ್ನು ಇವಳು ಏಳನೆಯ ವಯಸ್ಸಿನಲ್ಲಿ ಮೊದಲ ಬಾರಿಗೆ ಮಾಡಿದಾಗ ನನಗೆ ಆದ ಸಂತೋಷವನ್ನು ನಾನು ಮುಚ್ಚಿಡಲಾರೆ. ಇನ್ನೊಂದು ಮಾತು ನಮ್ಮನ್ನು ಬೇರೆಯೇ ರೀತಿಯಲ್ಲಿ ತಟ್ಟಿತು. ಸಂಜೆಯ ಹೊತ್ತು ಅವಳು ತುಂಬಾ ಅಳುತ್ತಿದ್ದಳು, ಹೊಟ್ಟೆನೋವೆಂದು ಔಷಧಿ ನಡೆದಿತ್ತು. ಒಂದು ಸಂಜೆ ಅವಳು "ನೋವು" ಎಂದು ನೋಡಿದಳು, ದೇಹದ ಹಾಳೆ ಹಿಡಿದಾಗ "ಕಾಲು" ಎಂದಳು, ಆಮೇಲೆ "ಇಲ್ಲಿ ಇಲ್ಲ" ಎಂಬ ಚೌಕವನ್ನು ನೋಡಿದಳು. ಒಂದೊಂದಾಗಿ ಕೇಳುತ್ತಾ ಹೋದಾಗ ಪಾದಕ್ಕೆ ಕಟ್ಟುವ ಸ್ಪ್ಲಿಂಟ್ ಎಂದು ಗೊತ್ತಾಯಿತು. ಕಾಲು ಬೆಳೆದು ಅದು ಹಿಮ್ಮಡಿಯನ್ನು ಒತ್ತುತ್ತಿತ್ತು. ಹೊಸದು ಮಾಡಿಸಿದ ಮೇಲೆ ಸಂಜೆಯ ಅಳು ನಿಂತಿತು.

ಆ ಘಟನೆಯ ನಂತರ ದೇಹದ ಹಾಳೆಯನ್ನು ವಿಸ್ತರಿಸಿದೆವು. ಮುಚ್ಚಿಕೊಳ್ಳುವ ಅಂಗಗಳ ಹೆಸರುಗಳು, "ಮುಟ್ಟಬೇಡ", "ಯಾರೋ ನನಗೆ ಹೀಗೆ ಮಾಡಿದರು", "ಭಯ ಆಗ್ತಿದೆ" ಎಂಬ ಮಾತುಗಳು ಅದರಲ್ಲಿ ಇರಲೇಬೇಕು ಎಂದು ಥೆರಪಿಸ್ಟ್ ಹೇಳಿದ್ದರು. ಇಂಥವನ್ನು ಮಗುವಿನ ಹಲಗೆಯಲ್ಲಿ ಹಾಕುವುದು ಸರಿಯಲ್ಲ ಎಂದವರು ನೆಂಟರಲ್ಲಿ ಹಲವರು. ತನ್ನ ಮೈಯನ್ನು ಎತ್ತುವುದು, ತೊಳೆಯುವುದು, ಉಡಿಸುವುದು ಎಲ್ಲವನ್ನೂ ಇನ್ನೊಬ್ಬರ ಕೈಗೆ ಒಪ್ಪಿಸಿರುವ ಮಗುವಿಗೆ ಬೇರೆಲ್ಲ ಪದಗಳಿಗಿಂತ ಮೊದಲು ಈ ಪದಗಳು ಬೇಕು. ಈ ವಿಷಯದಲ್ಲಿ ನಾನು ಯಾರಿಗೂ ಮಣಿಯಲಿಲ್ಲ. ಹಲ್ಲಿನ ಎನಾಮೆಲ್ ದುರ್ಬಲವಾಗಿರುವುದೂ ಈ ಕಾಮಾಲೆಯ ಪರಿಣಾಮಗಳಲ್ಲಿ ಒಂದಾದ್ದರಿಂದ ದಂತವೈದ್ಯರ ಬಳಿ ಪದೇಪದೇ ಹೋಗಬೇಕಾಗುತ್ತದೆ. ಅಲ್ಲಿಗೆ "ನಿಲ್ಲಿಸಿ", "ನೋವು", "ಉಗುಳಬೇಕು", "ಇನ್ನೆಷ್ಟು ಹೊತ್ತು" ಎಂಬ ನಾಲ್ಕೇ ಮಾತುಗಳ ಪುಟ್ಟ ಕಾರ್ಡು ಪ್ರತ್ಯೇಕವಾಗಿದೆ.

ಅಕ್ಷರ ಕಲಿಸುವ ಘಟ್ಟಕ್ಕೆ ಬಂದಾಗ ನಮಗೆ ನಮ್ಮ ವರ್ಣಮಾಲೆಯೇ ನೆರವಿಗೆ ನಿಂತಿತು. ಕ, ಚ, ಟ, ತ, ಪ ಎಂಬ ಐದು ವರ್ಗಗಳು, ಪ್ರತಿ ವರ್ಗದಲ್ಲಿ ಐದು ಅಕ್ಷರಗಳು. ನಮ್ಮ ಹಾಳೆಯ ಐದು ಸ್ಥಾನಗಳಿಗೆ ಅವು ಒಂದೂ ಹೆಚ್ಚುಕಡಿಮೆಯಾಗದೆ ಕೂತವು: ಮೊದಲ ನೋಟಕ್ಕೆ ವರ್ಗ, ಎರಡನೆಯ ನೋಟಕ್ಕೆ ಅಕ್ಷರ. ಸ್ವರಗಳನ್ನು ಅ-ಆ, ಇ-ಈ, ಉ-ಊ-ಋ, ಎ-ಏ-ಐ, ಒ-ಓ-ಔ ಎಂದು ಐದು ಗುಂಪು ಮಾಡಿ, ಮೊದಲನೆಯ ಗುಂಪಿಗೆ ಅಂ, ಅಃ ಸೇರಿಸಿ ಎರಡನೆಯ ಹಾಳೆ ಮಾಡಿದೆವು. ಕಾಗುಣಿತಕ್ಕೂ ಅದೇ ಹಾಳೆ. ಯ-ರ-ಲ-ವದಿಂದ ಳದವರೆಗಿನ ಒಂಬತ್ತು ಅಕ್ಷರಗಳೂ ಒತ್ತಿನ ಗುರುತೂ ಮೂರನೆಯದರಲ್ಲಿವೆ. ನಮ್ಮ ತಾಲ್ಲೂಕಿನ ಬಿಆರ್‌ಸಿಯಿಂದ, ಎಂದರೆ ಶಿಕ್ಷಣ ಇಲಾಖೆಯ ಸಂಪನ್ಮೂಲ ಕೇಂದ್ರದಿಂದ, ಮನೆಗೆ ಬರುತ್ತಿದ್ದ ಬಿಐಇಆರ್‌ಟಿ (ವಿಶೇಷ ಅಗತ್ಯವುಳ್ಳ ಮಕ್ಕಳ ಸಂಪನ್ಮೂಲ ಶಿಕ್ಷಕಿ) ಮೇಡಂ ಇದನ್ನು ನೋಡಿ, ವರ್ಗಗಳನ್ನು ರಾಗವಾಗಿ ಹೇಳಿಸುತ್ತಾ ಸ್ಥಾನಗಳನ್ನು ಅವಳಿಗೆ ಬಾಯಿಪಾಠವಾಗುವಂತೆ ಮಾಡಿದರು. ಕ್ರಮೇಣ ಹಾಳೆಯೇ ಇಲ್ಲದೆ, ಗಾಳಿಯಲ್ಲಿ ನೋಟದ ದಿಕ್ಕಿನಿಂದಲೇ ಅವಳು ಅಕ್ಷರ ಹೇಳುವಂತಾದಳು. ಎರಡು ಅಕ್ಷರ ಬಂದ ಮೇಲೆ ಪೂರ್ತಿ ಪದವನ್ನು ಊಹಿಸಿಬಿಡುವ ಆತುರ ಎಲ್ಲರಿಗೂ ಇರುತ್ತದೆ, ಆದ್ದರಿಂದ "ಊಹಿಸಲಾ?" ಎಂದು ಕೇಳಿ, ಅವಳು ಕಣ್ಣು ಮುಚ್ಚಿದರೆ ಮಾತ್ರ ಊಹಿಸುವ ನಿಯಮ ನಮ್ಮಲ್ಲಿದೆ.

ದನಿ ಬರುವ ಸಾಧನದ ಕಡೆಗೂ ನಡೆದೆವು. ಚೆನ್ನೈನಲ್ಲಿ ರೂಪುಗೊಂಡ ಆವಾಜ್, ಮುಂಬೈ ಐಐಟಿಯಲ್ಲಿ ರೂಪುಗೊಂಡ ಜೆಲೊ ಮುಂತಾದ ಆ್ಯಪ್‌ಗಳು ಇಂದು ಟ್ಯಾಬಿನಲ್ಲಿ ಸಿಗುವುದರಿಂದ ಆರಂಭದ ಖರ್ಚು ಮೊದಲಿನಷ್ಟಿಲ್ಲ. ನಮ್ಮ ಸಮಸ್ಯೆ ಬೆರಳಿನದು. ಕಣ್ಣಿನ ಚಲನೆಯನ್ನು ತಾನೇ ಓದಿಕೊಳ್ಳುವ ವಿದೇಶಿ ಯಂತ್ರಗಳಿಗೆ ಲಕ್ಷಗಟ್ಟಲೆ ಬೆಲೆಯಿರುವುದರಿಂದ ಅದು ನಮ್ಮ ಕೈಗೆ ಎಟುಕಲಿಲ್ಲ. ಪರದೆಯ ಮೇಲೆ ಬೆಳಕು ಒಂದೊಂದೇ ಚೌಕಕ್ಕೆ ತಾನಾಗಿ ಸರಿಯುತ್ತಿರುವಾಗ ಸರಿಯಾದ ಕ್ಷಣಕ್ಕೆ ಒಂದು ಸ್ವಿಚ್ ಒತ್ತುವ ಪದ್ಧತಿ ಅವಳಿಗೆ ಹೊಂದಲಿಲ್ಲ, ಏಕೆಂದರೆ ಕ್ಷಣಕ್ಕೆ ಸರಿಯಾಗಿ ಚಲಿಸುವುದೇ ಅವಳ ಮೈಗೆ ಕಷ್ಟ. ಎರಡು ಸ್ವಿಚ್‌ಗಳಾದಾಗ, ಒಂದರಿಂದ ಬೆಳಕನ್ನು ಮುಂದೆ ಸರಿಸುವುದು, ಇನ್ನೊಂದರಿಂದ ಆರಿಸುವುದು ಎಂದಾದಾಗ ಅವಸರ ತಪ್ಪಿತು. ಒಂದು ಸ್ವಿಚ್ ತಲೆಯ ಪಕ್ಕದಲ್ಲಿದೆ, ಇನ್ನೊಂದು ಮಂಡಿಯ ಪಕ್ಕದಲ್ಲಿದೆ. ತರಗತಿಯಲ್ಲಿ ಹಾಜರಿ ಕೂಗಿದಾಗ ಟ್ಯಾಬಿನ ದನಿಯಲ್ಲಿ "ಬಂದಿದ್ದೀನಿ ಮಿಸ್" ಎನ್ನುವುದು ಅವಳಿಗೆ ಬಹಳ ಇಷ್ಟ. ಆದರೆ ಬಿಸಿಲಿನಲ್ಲಿ ಪರದೆ ಕಾಣುವುದಿಲ್ಲ, ಸ್ನಾನದ ಮನೆಗೆ ಟ್ಯಾಬ್ ಒಯ್ಯಲಾಗುವುದಿಲ್ಲ, ಮೈ ದಣಿದ ದಿನ ಸ್ವಿಚ್ ಒತ್ತಲಾಗುವುದಿಲ್ಲ. ಅಕ್ರಿಲಿಕ್ ಹಾಳೆ ಇಂದಿಗೂ ಕೈಬಿಟ್ಟಿಲ್ಲ.

ಶಾಲೆಯ ಮಾತು ಬಂತು. ಮಾತಾಡದ ಮಗುವಿಗೆ ಕಲಿಸುವುದು ಹೇಗೆ, ಪರೀಕ್ಷೆ ಮಾಡುವುದು ಹೇಗೆ ಎಂದು ಒಂದು ಶಾಲೆ ನಮ್ಮನ್ನು ವಾಪಸು ಕಳಿಸಿತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಸಂವಹನವೆಂಬುದರ ವ್ಯಾಖ್ಯೆಯಲ್ಲಿಯೇ ಪೂರಕ ಮತ್ತು ಪರ್ಯಾಯ ವಿಧಾನಗಳನ್ನು ಸೇರಿಸಿದೆ, ಅವುಗಳ ಬಳಕೆಯನ್ನು ಉತ್ತೇಜಿಸುವುದು ಸರ್ಕಾರದ ಹೊಣೆಯೆಂದು 17ನೆಯ ವಿಧಿಯಲ್ಲಿ ಹೇಳಿದೆ. ಆ ಪುಟಗಳನ್ನು ಹಿಡಿದುಕೊಂಡು ನಮ್ಮ ಬಡಾವಣೆಯ ಸರ್ಕಾರಿ ಶಾಲೆಗೆ ಹೋದಾಗ, ಮುಖ್ಯೋಪಾಧ್ಯಾಯಿನಿ ಪುಟಗಳನ್ನು ಪಕ್ಕಕ್ಕಿಟ್ಟು, ಹಲಗೆ ಹಿಡಿಯುವುದು ಹೇಗೆಂದು ಮೊದಲು ತಮಗೆ ಕಲಿಸಿ ಎಂದರು. ತರಗತಿಯ ಮಕ್ಕಳು ದೊಡ್ಡವರಿಗಿಂತ ಬೇಗ ಕಲಿತರು. ಪರೀಕ್ಷೆಯಲ್ಲಿ ಅವಳ ನೋಟವನ್ನು ಓದಿ ಬರೆದುಕೊಳ್ಳುವವರೊಬ್ಬರು ಇರುತ್ತಾರೆ. ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಕೊಡಬೇಕೆಂದು 2018ರ ಕೇಂದ್ರ ಮಾರ್ಗಸೂಚಿ ಹೇಳಿತ್ತು. ಒಂದೊಂದು ಅಕ್ಷರಕ್ಕೆ ಎರಡು ನೋಟ ಬೇಕಾಗುವ ಮಗುವಿಗೆ ಅದು ಸಾಲದು, ಉತ್ತರಗಳನ್ನು ಚಿಕ್ಕದಾಗಿಸಿ ಕೇಳಲು ನಮ್ಮ ಶಿಕ್ಷಕಿಯರು ಒಪ್ಪಿರುವುದರಿಂದ ನಡೆಯುತ್ತಿದೆ.

ಒಂದು ಭಾನುವಾರ ಅವಳು ಅಣ್ಣನನ್ನು ನೋಡುತ್ತಾ ಅಕ್ಷರದ ಹಾಳೆ ಕೇಳಿದಳು. ನಾನೇ ಹಿಡಿದೆ. ಗ, ಉ, ಟ, ಒತ್ತು, ಟ, ಉ. "ಗುಟ್ಟು." ಯಾವ ಹಾಳೆಯಲ್ಲಿಯೂ ನಾವು ಇಟ್ಟಿರದ ಪದ. ಇನ್ನೊಬ್ಬರ ಕಣ್ಣು ಮತ್ತು ಬಾಯಿಯ ಮೂಲಕವೇ ಮಾತಾಡಬೇಕಾದವರಿಗೆ ತಾವು ಯಾರಿಗೆ ಹೇಳುತ್ತಿದ್ದೇವೆ ಎಂಬುದರ ಮೇಲೆ ಹಿಡಿತವಿರುವುದಿಲ್ಲ. ಅದನ್ನು ಅವಳೇ ಕೇಳಿ ಪಡೆದಳು. ಹಾಳೆಯನ್ನು ಅವನ ಕೈಗೆ ಕೊಟ್ಟು ನಾನು ಹೊರಗೆ ಬಂದೆ. ಅಂದಿನಿಂದ "ನಿನಗಲ್ಲ" ಎಂಬ ಚೌಕವೊಂದು ಎಲ್ಲ ಹಾಳೆಗಳಲ್ಲಿಯೂ ಇದೆ.

ಈಗ ಅವಳು ಐದನೆಯ ತರಗತಿಯಲ್ಲಿದ್ದಾಳೆ. ಪ್ರತಿ ಪಾಠಕ್ಕೂ ಹೊಸ ಪದಗಳು ಬೇಕಾಗುವುದರಿಂದ ಪಾಠ ಶುರುವಾಗುವ ಮೊದಲೇ ಶಿಕ್ಷಕಿಯಿಂದ ಪಟ್ಟಿ ತಂದು, ಯಾವುದನ್ನು ಹಾಳೆಗೆ ಹಾಕಬೇಕು, ಯಾವುದನ್ನು ಅಕ್ಷರದಲ್ಲಿ ಹೇಳಬಲ್ಲೆ ಎಂಬುದನ್ನು ಅವಳನ್ನೇ ಕೇಳಿ ತೀರ್ಮಾನಿಸುತ್ತೇವೆ. ಈ ವಾರದ ಪಟ್ಟಿಯಲ್ಲಿ ಆವಿಯಾಗುವುದು, ಘನೀಕರಣ, ಅಂತರ್ಜಲ ಇವೆ. ಅವುಗಳ ಕೆಳಗೆ, ಆಟದ ಬಿಡುವಿನಲ್ಲಿ ಬೇಕೆಂದು ಅವಳು ಸೇರಿಸಿರುವ ಪದಗಳು "ಮೋಸ", "ಮತ್ತೆ ನನ್ನ ಸರದಿ", "ಸುಮ್ಮನಿರು" ಎಂಬುವು. ನಾಳೆ ಲ್ಯಾಮಿನೇಷನ್ ಅಂಗಡಿಗೆ ಹೋಗಬೇಕು.